ಅಪ್‌ಡೇಟ್: ಹಳೇ ವಿಸ್ಕಿ ಬಾಟಲಿಯ ಕಾರ್ಕ್ ಸಮಸ್ಯೆ ಬಗೆಹರಿಯಿತು

ಅಮೆರಿಕದ ಕೆಂಟಕಿಯಲ್ಲಿ ಕೊಂಡ, ಅಲ್ಲಿನ ಪಾನನಿಷೇಧ ಕಾಲದ (1920–33) ಪಿಂಟ್ (ಸುಮಾರು ಅರ್ಧ ಲೀಟರ್) ಬಾಟಲಿಯ ಕಾರ್ಕ್ ಹತ್ತಿರ ವಿಸ್ಕಿ ವಾಸನೆ ಬರ್ತಿದೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆನಲ್ಲ? ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಎರಡೇ ದಿನಕ್ಕೆ ಸಡಿಲಾಯ್ತು. ಮೇಣ ಬೇಡವೆಂದೆ, ಕಾರ್ಕ್ ಮೇಲೆ ಹಾದುಹೋಗುವ ಹಸಿರು ಕಾಗದದ ಸರ್ಕಾರಿ ತೆರಿಗೆ ಮುದ್ರೆಯ ಪಟ್ಟಿ ಹಾಳಾಗುತ್ತೆ. ಪ್ಯಾರಾಫಿಲ್ಮ್ (ಲ್ಯಾಬ್‌ಗಳಲ್ಲಿ ಬಳಸುವ, ಎಳೆದರೆ ಹಿಗ್ಗಿ ಅಂಟಿಕೊಳ್ಳುವ ಹಾಳೆ) ಎಳೆದು ಸುತ್ತಿ ಅಂದವರಿಗೆ ದೊಡ್ಡ ನಮಸ್ಕಾರ, ಈಗ ವಾಸನೆ ಪೂರ್ತಿ ನಿಂತಿದೆ. ಮಲಗಿಸಿಟ್ಟಿದ್ದೇ ನನ್ನ ತಪ್ಪು. ಕಾರ್ಕ್ ಹಾಕಿದ ವೈನ್ ಆದರೆ ಮಲಗಿಸಿಡಬಹುದು, ಇದು ಬೇರೆ. 50% ಆಲ್ಕೋಹಾಲ್ ಕಾರ್ಕನ್ನೇ ತಿಂದುಹಾಕುತ್ತೆ. ನೆಟ್ಟಗೆ ನಿಲ್ಲಿಸಿ, ಕತ್ತಲಲ್ಲಿಡಿ.

ಭೂತಗನ್ನಡಿ ಹಿಡಿದು ಆ ಪಟ್ಟಿ ಓದಿದಾಗ ಮೈ ಜುಮ್ಮೆಂದಿತು: ಬಟ್ಟಿ ಇಳಿಸಿದ್ದು 1916ರ ವಸಂತ, ಬಾಟಲಿಗೆ ತುಂಬಿದ್ದು 1928ರ ಶರತ್ಕಾಲ! ಲೇಬಲ್ ಮೇಲೆ ‘ಔಷಧಿಗಾಗಿ ಮಾತ್ರ’. ಆಗ ಇದು ಡಾಕ್ಟರ ಚೀಟಿ ತೋರಿಸಿದರೆ ಔಷಧಿ ಅಂಗಡಿಯಲ್ಲಿ ಸಿಗ್ತಿತ್ತು.