ಗೊಬ್ಬರದ ಗುಂಡಿಯಲ್ಲಿ ಸಿಕ್ಕಿದ್ದು ಹಾವಲ್ಲ

ಪ್ರಶ್ನೆ (ಅಡಿಕೆ ಬೆಳೆಗಾರ, ಸಿದ್ದಾಪುರ): ನಮಸ್ಕಾರ ಮೇಡಂ. ಗೊಬ್ಬರದ ಗುಂಡಿ ತೆಗೆಯುವಾಗ ಒಂದು ಅಡಿ ಉದ್ದದ ಪ್ರಾಣಿ ಸಿಕ್ಕಿದೆ. ಎರೆಹುಳದ ಹಾಗೆ ಮೈತುಂಬ ಉಂಗುರ, ಕಡುಗಂದು ಬಣ್ಣ, ಎರಡೂ ಪಕ್ಕ ಹಳದಿ ಪಟ್ಟೆ. ಮುಟ್ಟಿದರೆ ಲೋಳೆ. ಕೆಲಸದವರು ವಿಷದ ಹಾವು ಅಂತ ಕತ್ತಿ ಎತ್ತಿದರು, ನಾನು ತಡೆದೆ. ಸದ್ಯ ಬಕೆಟ್‌ನಲ್ಲಿದೆ. ಏನಿದು?

ಉತ್ತರ (ಪ್ರಾಣಿಶಾಸ್ತ್ರ ಉಪನ್ಯಾಸಕಿ): ತಡೆದದ್ದು ಒಳ್ಳೆಯದಾಯಿತು. ಇದು ಸಿಸಿಲಿಯನ್, ಕಾಲಿಲ್ಲದ ಉಭಯವಾಸಿ. ಹಳದಿ ಪಟ್ಟೆ ಇದೆ ಅಂದರೆ ಇಕ್ತಿಯೋಫಿಸ್ ಕುಲದ್ದಿರಬೇಕು. ಹಾವಿನ ಮೈ ಒಣಗಿರುತ್ತದೆ, ಹೊರಗೇ ಹುರುಪೆ ಕಾಣುತ್ತದೆ, ಸೀಳು ನಾಲಿಗೆ ಆಡುತ್ತಿರುತ್ತದೆ. ಇದಕ್ಕೆ ಅದ್ಯಾವುದೂ ಇಲ್ಲ. ಕಣ್ಣು ಚರ್ಮದ ಕೆಳಗೆ ಚುಕ್ಕೆಯಾಗಿ ಕಂಡರೆ ಹೆಚ್ಚು. ಎರೆಹುಳ, ಗೆದ್ದಲು ತಿಂದುಕೊಂಡು ಮಣ್ಣಿನೊಳಗೇ ಇರುತ್ತದೆ. ನಿಮಗೇನೂ ಮಾಡುವುದಿಲ್ಲ. ಬಕೆಟ್‌ನಲ್ಲಿ ಜಾಸ್ತಿ ಹೊತ್ತು ಇಡಬೇಡಿ, ಒಣಗಿದರೆ ಸಾಯುತ್ತದೆ. ಸಿಕ್ಕಿದ ಜಾಗದ ಹತ್ತಿರವೇ ಹಸಿ ದರಕಿನ (ಉದುರಿದ ಎಲೆಗಳ) ಕೆಳಗೆ ಬಿಡಿ.

ಪ್ರಶ್ನೆ (ಅವರೇ): ಬಿಟ್ಟೆ, ಕ್ಷಣದಲ್ಲಿ ಮಣ್ಣೊಳಗೆ ಹೋಯಿತು! ಆದರೆ ಉಭಯವಾಸಿ ಅಂದರೆ ಕಪ್ಪೆ ಥರ ನೀರಲ್ಲೂ ಇರಬೇಕು ಅಲ್ವಾ? ಗುಂಡಿಯಲ್ಲಿ ನೀರಿರಲಿಲ್ಲ.

ಉತ್ತರ: ಶಾಲೆಯಲ್ಲಿ ನಮಗೆ ಕಲಿಸಿದ್ದೇ ಹಾಗೆ. ಮೊದಲು ನೀರಲ್ಲಿ ಗೊದಮೊಟ್ಟೆ, ಆಮೇಲೆ ನೆಲದ ಮೇಲೆ ಕಪ್ಪೆ. ಅದು ಅರ್ಧ ಕಥೆ ಅಷ್ಟೇ. ಈ ಗುಂಪಿಗೆ ನಿಜವಾಗಿ ಬೇಕಿರುವುದು ತೇವ. ಮೊಟ್ಟೆಗೆ ಗಟ್ಟಿ ಚಿಪ್ಪಿಲ್ಲ. ಉಸಿರಾಟದ ದೊಡ್ಡ ಪಾಲು ಚರ್ಮದಿಂದಲೇ ನಡೆಯುತ್ತದೆ, ಕಪ್ಪೆ ನೀರನ್ನೂ ಚರ್ಮದಿಂದಲೇ ಹೀರುತ್ತದೆ. ಆ ತೇವ ಕೆರೆಯದ್ದೇ ಆಗಬೇಕೆಂದಿಲ್ಲ.

ನಿಮ್ಮ ಇಕ್ತಿಯೋಫಿಸ್ ಹಳ್ಳದ ಹತ್ತಿರ ಹಸಿ ಮಣ್ಣಲ್ಲಿ ಮೊಟ್ಟೆ ಇಡುತ್ತದೆ. ತಾಯಿ ಅವನ್ನು ಸುತ್ತಿಕೊಂಡು ಕಾಯುತ್ತದೆ. ಮರಿಗಳು ನೀರಿಗಿಳಿದು ಬೆಳೆದು ಮತ್ತೆ ಮಣ್ಣು ಸೇರುತ್ತವೆ. ಮಳೆಗಾಲದ ರಾತ್ರಿ ಗಿಡಗಳಲ್ಲಿ ಟಿಕ್ ಟಿಕ್ ಅನ್ನುವ ಪುಟಾಣಿ ರಾವೊರ್ಕೆಸ್ಟಿಸ್ ಕಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರ ಕಪ್ಪೆಮರಿ ಬರುತ್ತದೆ. ಇಂಡಿರಾನಾ ಕುಲದ ಕಪ್ಪೆಗಳ ಗೊದಮೊಟ್ಟೆಗಳು ನೀರು ಜಿನುಗುವ ಬಂಡೆಗೆ ಅಂಟಿಕೊಂಡೇ ಬೆಳೆಯುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟ ನಿಮ್ಮ ಸಿದ್ದಾಪುರದ ಕತ್ತಲೆಕಾನು ಕಾಡಿನ ಕುಂಬಾರ ಕಪ್ಪೆ. 2014ರಲ್ಲಷ್ಟೇ ವಿಜ್ಞಾನದ ದಾಖಲೆಗೆ ಸೇರಿದ್ದು. ಗಂಡು ಕಪ್ಪೆ ಮುಂಗೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ!

ಪ್ರಶ್ನೆ (ಇನ್ನೊಬ್ಬರು, ಬೆಂಗಳೂರು): ಮೇಡಂ, ಬಚ್ಚಲಿಗೆ ಕಪ್ಪೆ ಬಂದರೆ ಉಪ್ಪು ಹಾಕಿ ಓಡಿಸಬಹುದು ಅಂತಾರೆ, ಹೌದಾ?

ಉತ್ತರ: ದಯವಿಟ್ಟು ಬೇಡ. ಉಪ್ಪು ಮೈಯ ನೀರನ್ನು ಎಳೆದುಬಿಡುತ್ತದೆ, ನರಳಿ ಸಾಯುತ್ತದೆ. ಮೇಲೊಂದು ಮಗ್ ಮುಚ್ಚಿ, ಕೆಳಗೆ ರಟ್ಟು ತೂರಿಸಿ, ಗಿಡದ ಬುಡಕ್ಕೆ ಬಿಟ್ಟುಬನ್ನಿ.

ಪ್ರಶ್ನೆ (ಬೆಳೆಗಾರ): ಹಾಗಾದರೆ ನಾವು ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಇವಕ್ಕೆ ತೊಂದರೆಯಾ?

ಉತ್ತರ: ಮೈಲುತುತ್ತದ ತಾಮ್ರ ಗೊದಮೊಟ್ಟೆಗೆ ವಿಷವೇ. ಆದರೆ ಔಷಧಿ ಹೊಡೆಯದಿದ್ದರೆ ಫಸಲು ಉಳಿಯುವುದಿಲ್ಲ, ಗೊತ್ತು. ಡ್ರಮ್ಮು, ಪಂಪು ಹಳ್ಳದಲ್ಲಿ ತೊಳೆಯಬೇಡಿ, ಉಳಿದ ದ್ರಾವಣ ನೀರಿಗೆ ಸುರಿಯಬೇಡಿ. ಅಷ್ಟು ಮಾಡಿದರೂ ಸಾಕು.