ಸಹಾಯ ಬೇಕು: ಬಾಕ್ಸ್‌ಸ್ಟರ್‌ಗೆ ಯಾವ ಬ್ರೇಕ್ ಪ್ಯಾಡ್ ಹಾಕಲಿ?

ನಮಸ್ಕಾರ, ನಾನು ಕಾಸರಗೋಡಿನವನು. ಸೆಕೆಂಡ್ ಹ್ಯಾಂಡ್ ಪೋರ್ಷೆ ಬಾಕ್ಸ್‌ಸ್ಟರ್ ಕಾರು ಇದೆ. ಮೊನ್ನೆ ಅಮ್ಮನ ಜೊತೆ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಯಿತು, ಸುಟ್ಟ ವಾಸನೆ ಬೇರೆ. ತುಂಬಾ ಹೆದರಿಬಿಟ್ಟೆ. ಸುಳ್ಯದಲ್ಲಿ ನಿಲ್ಲಿಸಿ ಚಕ್ರದ ಸಂದಿಗೆ ಟಾರ್ಚ್ ಬಿಟ್ಟು ನೋಡಿದರೆ ಮುಂದಿನ ಪ್ಯಾಡ್ 3 ಮಿ.ಮೀ. ಕೂಡ ಉಳಿದಿಲ್ಲ.

ಬ್ರೇಕ್ ಆಯಿಲ್ ಹೇಗೂ ಬದಲಾಯಿಸುತ್ತೇನೆ. ಗೊಂದಲ ಇರುವುದು ಪ್ಯಾಡ್‌ನದ್ದೇ. ರೇಸ್ ಪ್ಯಾಡ್ ಬೇಡ, ಬಿಸಿಯಾಗದೆ ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಮಳೆಗಾಲಕ್ಕೆ ಅದು ಅಪಾಯ ಅಲ್ವಾ? ಸೆರಾಮಿಕ್‌ನಲ್ಲಿ ಧೂಳು, ಸದ್ದು ಕಮ್ಮಿ. ಸೆಮಿ ಮೆಟಾಲಿಕ್ (ಲೋಹದ ಚೂರು ಬೆರೆಸಿದ ಪ್ಯಾಡ್) ಬಿಸಿ ಚೆನ್ನಾಗಿ ತಡೆಯುತ್ತದೆ, ಆದರೆ ಡಿಸ್ಕ್ ಜಾಸ್ತಿ ಸವೆಯುತ್ತದೆ. ನನ್ನ ಮನಸ್ಸು ಸೆಮಿ ಮೆಟಾಲಿಕ್ ಕಡೆಗೇ ಇದೆ.

ಘಾಟಿಯಲ್ಲಿ ಓಡಿಸುವವರು ಯಾವುದು ಹಾಕಿದ್ದೀರಿ, ಎಷ್ಟು ಕಿ.ಮೀ. ಬಾಳಿಕೆ ಬಂತು? ಪ್ಯಾಡ್ ಜೊತೆ ಪ್ಯಾಡ್ ಸವೆದದ್ದು ತಿಳಿಸುವ ಸೆನ್ಸರ್ ವೈರನ್ನೂ ಹೊಸದು ಹಾಕಿಸಿದ್ರಾ? ದಯವಿಟ್ಟು ಹೇಳಿ, ಅಲ್ಲಿವರೆಗೆ ಗಾಡಿ ಶೆಡ್‌ನಿಂದ ತೆಗೆಯುವುದಿಲ್ಲ.