ನೀರುಕಾಗೆ: ಮುಳುಗುವ ಹೆಸರು ಯಾರಿಗಾದರೂ ಗೊತ್ತೆ?

ಸುರಪುರ ತಾಲ್ಲೂಕಿನ ಬೋನಾಳ ಕೆರೆ ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ: "ಕಾಕಾ, ಆ ಕರೀ ಹಕ್ಕಿಗಿ ಏನಂತೀರಿ?"

"ನೀರಕಾಗಿ ಅಂತೀವಿ ನೋಡ್ರಿ."

"ಅದರ ಬಾಜೂದು, ಕುತ್ತಿಗಿ ಹಾವಿನಂಗ ಇದ್ದದ್ದು?"

"ಅದೂ ನೀರಕಾಗಿನೇ."

ಪುಸ್ತಕದ ಕನ್ನಡದಲ್ಲಿ ಎರಡನೆಯದು ಹಾವಕ್ಕಿ. ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿದ್ದು, ಮೀನನ್ನು ಕಚ್ಚಿ ಹಿಡಿಯುತ್ತದೆ. ಹಾವಕ್ಕಿಯದು ದಬ್ಬಣದಂತೆ ನೆಟ್ಟಗೆ, ಚುಚ್ಚಿ ಹಿಡಿಯುತ್ತದೆ. ಆದರೆ ಎರಡರ ಗರಿಯೂ ನೆನೆಯುತ್ತದೆ. ನೀರೊಳಗೆ ಇಳಿಯಲು ಅದೇ ಅನುಕೂಲ. ಮೇಲೆ ಬಂದಮೇಲೆ ಒಣಬೊಡ್ಡೆಯ ಮೇಲೆ ರೆಕ್ಕೆ ಹರವಿ ಬಿಸಿಲು ಕಾಯಬೇಕು. ದೂರಕ್ಕೆ ಕಾಣುವುದು ಆ ಭಂಗಿಯೇ. ಕಾಕಾ ಎರಡಕ್ಕೂ ಒಂದೇ ಹೆಸರು ಹೇಳಿದ್ದು ತಪ್ಪೆನ್ನಲಾರೆ.

ನನ್ನನ್ನು ಕಾಡುವುದು 'ಕಾಗೆ'. ಮರಾಠಿಯಲ್ಲಿ ಪಾಣಕಾವಳಾ, ತೆಲುಗಿನಲ್ಲಿ ನೀಟಿಕಾಕಿ, ಹಿಂದಿಯಲ್ಲಿ ಪನಕೌವಾ. ಇಂಗ್ಲಿಷಿನ ಕಾರ್ಮೊರಂಟ್ ಕೂಡ ಲ್ಯಾಟಿನ್ನಿನ 'ಕಡಲಕಾಗೆ'ಯಿಂದ ಬಂದದ್ದು. ಕಾಗೆಗೂ ಇದಕ್ಕೂ ಬಣ್ಣ ಬಿಟ್ಟರೆ ನಂಟಿಲ್ಲ. ಇದರ ಕಾಲಿನ ನಾಲ್ಕೂ ಬೆರಳು ಪೊರೆಯಿಂದ ಕೂಡಿಕೊಂಡಿವೆ.

ಬಣ್ಣ ಬಿಟ್ಟು ಕೆಲಸ ಹಿಡಿದ ಹೆಸರೊಂದು ಸಂಸ್ಕೃತದಲ್ಲಿದೆ: ಮದ್ಗು. ಮುಳುಗು ಎಂಬರ್ಥದ ಮಜ್ಜ್ ಧಾತುವಿನದು, ನಮ್ಮ 'ಮಜ್ಜನ'ದ ಬೇರೂ ಅದೇ. ಛಾಂದೋಗ್ಯ ಉಪನಿಷತ್ತಿನ 4ನೆಯ ಅಧ್ಯಾಯದಲ್ಲಿ ಸತ್ಯಕಾಮನೆಂಬ ಶಿಷ್ಯನಿಗೆ ಬ್ರಹ್ಮದ ಒಂದು ಪಾದವನ್ನು, ಅಂದರೆ ಕಾಲು ಭಾಗವನ್ನು, ಹೇಳಿಕೊಡುವ ಹಕ್ಕಿ ಈ ಮದ್ಗು. ಕನ್ನಡದಲ್ಲಿ ಅಂಥ ಹೆಸರಿನ ಭಾಗ್ಯ ಪಡೆದದ್ದು ಗುಳುಮುಳುಕ ಎಂಬ ಇನ್ನೊಂದು ನೀರುಹಕ್ಕಿ.

ಕಲಬುರಗಿಯ ಅಪ್ಪನ ಕೆರೆಯಲ್ಲಿ ಒಂದು ಮುಂಜಾನೆ ನೋಡುತ್ತ ನಿಂತಿದ್ದೆ. ನೀರುಕಾಗೆ ಸದ್ದಿಲ್ಲದೆ ಮುಣುಗಿತು, ಹತ್ತು ಮಾರು ಆಚೆ ತಲೆ ಎತ್ತಿತು. ಮೀನು ಕೊಕ್ಕಿಗೆ ಅಡ್ಡ ಸಿಕ್ಕಿತ್ತು. ಮೇಲಕ್ಕೆ ಚಿಮ್ಮಿಸಿ, ತಲೆ ಮುಂದಾಗಿ ಹಿಡಿದು ನುಂಗಿತು. ಹಾಗಾದರೆ ಮೀನಿನ ರೆಕ್ಕೆಮುಳ್ಳು ಮಡಚಿಕೊಂಡು ಗಂಟಲಿಗೆ ಸಿಗುವುದಿಲ್ಲ. ಮಿಂಚುಳ್ಳಿ ಮೇಲಿನಿಂದ 'ಎರಗುತ್ತದೆ' ಎನ್ನುತ್ತೇವೆ; ನೀರುಕಾಗೆಯ ಬೇಟೆಗೆ ಅಂಥ ಮಾತು ನನಗೆ ಸಿಕ್ಕಿಲ್ಲ. ದೋಣಿ ಮುಳುಗಿದರೂ ಮುಳುಗುವುದೇ, ಈ ಹಕ್ಕಿ ಬೇಟೆಗೆ ಇಳಿದರೂ ಮುಳುಗುವುದೇ. ಇದಕ್ಕೊಂದು ಬೇರೆ ಕ್ರಿಯಾಪದ ಇರಲೇಬೇಕು ಅನಿಸುತ್ತದೆ.

ಕಾಕಾ ಎಮ್ಮೆ ಕಟ್ಟಿದವರು. ಭೀಮಾ, ಕೃಷ್ಣಾ, ಕಾರಂಜಾ ದಂಡೆಯಲ್ಲಿ ಬಲೆ ಹಾಕುವವರ ಬಾಯಲ್ಲಿ ಈ ಹಕ್ಕಿಗೆ, ಅದರ ಮುಳುಗಿಗೆ ಏನೆನ್ನುತ್ತಾರೆ? ಹಾವಕ್ಕಿಗೆ ಬೇರೆ ಹೆಸರು ಕೇಳಿದ್ದೀರಾ? ಊರು, ತಾಲ್ಲೂಕು ಸಮೇತ ತಿಳಿಸಿ. ಕೇಳಿದ್ದನ್ನು ಕೇಳಿದಂತೆಯೇ ಬರೆಯಿರಿ; ದಯವಿಟ್ಟು 'ಕಾಗಿ'ಯನ್ನು 'ಕಾಗೆ' ಎಂದು ತಿದ್ದಬೇಡಿ.